ಕಿವಿ ಮುಚ್ಚಿಕೊಂಡ ಮಗುವಿಗೆ ಇಂಗ್ಲಿಷ್ ಫಾರಂ ಯಾಕೆ?

ಕನ್ನಡಿಗರೇ, ಮೊದಲಿಗೆ ಒಂದು ಸಣ್ಣ ಪರೀಕ್ಷೆ. ನಿಮ್ಮ ಮಗುವಿನ ಮೈಯನ್ನು ಮೆಲ್ಲಗೆ ಸವರಿದರೆ ಅದು ಕಿರುಚುತ್ತದೆ. ಅದೇ ಮಗುವಿನ ತಲೆಗೆ ಎಣ್ಣೆ ಹಾಕಿ ಗಟ್ಟಿಯಾಗಿ ತಟ್ಟಿ ಒತ್ತಿದರೆ ಹಾಯಾಗಿ ಕಣ್ಣು ಮುಚ್ಚುತ್ತದೆ. ಈ ಎರಡು ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ನೋಡೋಣ! ಸವರುವುದು, ತಟ್ಟುವುದು, ಒತ್ತುವುದು, ನೀವುವುದು, ತೀಡುವುದು, ಉಜ್ಜುವುದು ಎಂದು ನಮ್ಮ ಅವ್ವಂದಿರ ಬಾಯಲ್ಲಿ ಇಷ್ಟು ಮಾತುಗಳಿವೆ. ಫಾರಂನಲ್ಲಿ ಇದ್ದದ್ದು ಒಂದೇ ಪದ: ‘ಟಚ್’. ಪಿಯುಸಿ ಓದಿದ ನಾನು ‘ಟಚ್ ಇಷ್ಟವಿಲ್ಲ’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ನನ್ನ ಮಗನ ಬಗ್ಗೆ ಹೇಳಬೇಕಾಗಿದ್ದ ಮುಖ್ಯವಾದ ಸಂಗತಿ ಆ ಒಂದು ಟಿಕ್ಕಿನೊಳಗೆ ಸತ್ತು ಹೋಯಿತು.

ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ತಿಪಟೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ತಿಥಿ ಕಾರ್ಡು, ಇದು ನನ್ನ ಅನ್ನ. ಆದರೆ ಈ ವಿಷಯವನ್ನು ಬರೆಯುವ ಅಧಿಕಾರ ನನಗಿದೆ. ಯಾಕೆಂದರೆ ಇದರಲ್ಲಿ ನಾನು ಫೀಜು ಕಟ್ಟಿದ್ದೇನೆ, ಅವಮಾನ ಉಂಡಿದ್ದೇನೆ, ತಪ್ಪೂ ಮಾಡಿದ್ದೇನೆ.

ಮೊದಲು ಮಗನ ವಿಷಯ. ಪ್ರೆಸ್ಸಿನ ಹಿಂದೆಯೇ ನಮ್ಮ ಮನೆ. ಆಫ್‌ಸೆಟ್ ಮಷಿನ್ ಧಡ್ ಧಡ್ ಎಂದು ಹೊಡೆದುಕೊಳ್ಳುತ್ತಿದ್ದರೆ ಅದರ ಪಕ್ಕದಲ್ಲೇ ಪೇಪರ್ ಕಟ್ಟಿನ ಮೇಲೆ ಮಲಗಿ ನಿದ್ದೆ ಮಾಡುವ ಹುಡುಗ, ಅಡುಗೆ ಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದ. ಮಿಕ್ಸಿ ಹಾಕುವಂತಿರಲಿಲ್ಲ. ಬೇಳೆಸಾರಿಗೆ ಒಗ್ಗರಣೆ ಚಟಪಟ ಎಂದರೆ ತಟ್ಟೆ ತಳ್ಳುತ್ತಿದ್ದ. ಕಾಲುಚೀಲ ಹಾಕಿದರೆ ಕಿತ್ತೆಸೆಯುತ್ತಿದ್ದ. ಯೂನಿಫಾರಂ ಕಾಲರನ್ನು ಕಚ್ಚಿ ಕಚ್ಚಿ ಚಿಂದಿ ಮಾಡಿದ್ದ. ಮುದ್ದೆ ತಿನ್ನುತ್ತಾನೆ, ಬಿಡಿ ಅನ್ನ ತಿನ್ನುತ್ತಾನೆ, ಅನ್ನಕ್ಕೆ ಸಾರು ಕಲಸಿ ಕೊಟ್ಟರೆ ಓಕರಿಸುತ್ತಾನೆ. ಕ್ಷೌರದಂಗಡಿಗೆ ಕರೆದುಕೊಂಡು ಹೋಗುವುದೆಂದರೆ ಯುದ್ಧಕ್ಕೆ ಹೋದ ಹಾಗೆ.

ಇದಕ್ಕೆ ಊರು ಕೊಟ್ಟ ಹೆಸರುಗಳು ಒಂದೆರಡಲ್ಲ. ಹಠಮಾರಿ, ಅವ್ವನ ಮುದ್ದಿನಿಂದ ಕೆಟ್ಟವನು, ದೃಷ್ಟಿ ತಾಕಿದವನು. ನನ್ನ ತಾಯಿ ಮೂರು ಅಮಾವಾಸ್ಯೆ ನಿವಾಳಿಸಿ ಹಾಕಿದರು. ಶಾಲೆಯ ಒಬ್ಬ ಮೇಷ್ಟ್ರು ಕಾಲುಚೀಲ ಕಳಚಿದ್ದಕ್ಕೆ ಬೆತ್ತದಿಂದ ಬಾರಿಸಿದರು. ನಾನೂ ಹೊಡೆದಿದ್ದೇನೆ. ಯಾಕೆ ಮುಚ್ಚಿಡಲಿ? ಜಾತ್ರೆಯಲ್ಲಿ ತಮಟೆ ಶಬ್ದಕ್ಕೆ ನೆಲದ ಮೇಲೆ ಹೊರಳಾಡಿದಾಗ, ಜನ ನೋಡುತ್ತಾರೆಂಬ ನಾಚಿಕೆಗೆ ಹೊಡೆದೆ. ಆ ಏಟು ಇವತ್ತಿಗೂ ನನ್ನ ಅಂಗೈಯಲ್ಲಿದೆ.

ಹಾಗಾದರೆ ಇದು ಏನು? ತಿಳಿದಷ್ಟನ್ನು ಹೇಳುತ್ತೇನೆ.

ನಮಗೆ ಪಂಚೇಂದ್ರಿಯ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಕಿವಿಯೊಳಗೆ ಸಮತೋಲ ಕಾಯುವ ಒಂದು ಅಂಗವಿದೆ. ಉಯ್ಯಾಲೆ ತೂಗಿದಾಗ, ಬಸ್ಸು ತಿರುಗಿದಾಗ ಮೈಗೆ ಸುದ್ದಿ ಕೊಡುವುದು ಅದು. ಕೀಲು, ಸ್ನಾಯುಗಳಲ್ಲಿ ಇನ್ನೊಂದು ಅರಿವಿದೆ. ಕತ್ತಲಲ್ಲೂ ನಿಮ್ಮ ಕೈ ನಿಮ್ಮ ಬಾಯಿಗೇ ಹೋಗುವುದು ಅದರ ಕೃಪೆ. ಹಸಿವು, ಬಾಯಾರಿಕೆ, ಮೂತ್ರ ಬಂದದ್ದು ಗೊತ್ತಾಗುವ ಒಳಗಿನ ಅರಿವು ಮತ್ತೊಂದು. ಇವೆಲ್ಲದರಿಂದ ಬರುವ ಸುದ್ದಿಯನ್ನು ಮೆದುಳು ವಿಂಗಡಿಸಿ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುತ್ತದೆ. ನೀವು ಈಗ ಇದನ್ನು ಓದುತ್ತಿರುವಾಗ ಅಂಗಿ ಬೆನ್ನಿಗೆ ತಾಗುತ್ತಿರುವುದು ನಿಮಗೆ ಗೊತ್ತಾಗುತ್ತಿರಲಿಲ್ಲ, ನಾನು ಹೇಳುವವರೆಗೆ. ಕೆಲವು ಮಕ್ಕಳಲ್ಲಿ ಆ ವಿಂಗಡಣೆ ಬೇರೆ ರೀತಿ ನಡೆಯುತ್ತದೆ. ಅವರಿಗೆ ಅಂಗಿ ಸದಾ ತಾಗುತ್ತಲೇ ಇರುತ್ತದೆ.

ಈ ವಿಚಾರವನ್ನು ಮೊದಲು ಕಟ್ಟಿ ನಿಲ್ಲಿಸಿದವರು ಅಮೆರಿಕದ ಎ. ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಆಮೇಲೆ ವಿನ್ನಿ ಡನ್ ಎಂಬ ಇನ್ನೊಬ್ಬ ವಿದುಷಿ 1990ರ ದಶಕದಲ್ಲಿ ಮಕ್ಕಳನ್ನು ನಾಲ್ಕು ಬಗೆಯಲ್ಲಿ ನೋಡಬಹುದೆಂದರು. ಕೆಲವರಿಗೆ ಸುದ್ದಿ ಮುಟ್ಟುವುದೇ ಕಷ್ಟ. ಹತ್ತು ಸಲ ಕೂಗಿದರೂ ತಿರುಗಲಾರರು, ಮಂಡಿ ತರಚಿ ರಕ್ತ ಬಂದರೂ ಗೊತ್ತಾಗದು. ಕೆಲವರು ಅರಿವನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ. ಕುಣಿಯುತ್ತಾರೆ, ಗುದ್ದಿಕೊಳ್ಳುತ್ತಾರೆ, ಕಂಡದ್ದನ್ನೆಲ್ಲ ಮೂಸುತ್ತಾರೆ. ಕೆಲವರಿಗೆ ಸಣ್ಣದೂ ದೊಡ್ಡದಾಗಿ ತಾಗುತ್ತದೆ, ಆದರೆ ಕೂತಲ್ಲೇ ನರಳುತ್ತಾರೆ. ಇನ್ನು ಕೆಲವರು ಅದರಿಂದ ತಪ್ಪಿಸಿಕೊಂಡು ಓಡುತ್ತಾರೆ. ಒಂದೇ ಮಗು ಶಬ್ದದಲ್ಲಿ ಒಂದು ಬಗೆ, ಮುಟ್ಟುವುದರಲ್ಲಿ ಮತ್ತೊಂದು ಬಗೆ ಇರಬಹುದು. ನನ್ನ ಮಗ ಹಾಗೇ.

ಇಷ್ಟೂ ಯಾವ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ? ಯಾವುದರಲ್ಲೂ ಇಲ್ಲ! ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ತಿಳಿಯುವುದು ಎರಡೇ ದಾರಿಯಲ್ಲಿ. ಮಗುವನ್ನು ಅದರ ಪಾಡಿಗೆ ಬಿಟ್ಟು ನೋಡಬೇಕು. ಮಗುವನ್ನು ದಿನವಿಡೀ ಕಂಡವರನ್ನು, ಅಂದರೆ ತಾಯಿಯನ್ನು, ಅಜ್ಜಿಯನ್ನು, ಅಂಗನವಾಡಿ ಕಾರ್ಯಕರ್ತೆಯನ್ನು, ಟೀಚರನ್ನು ಕೇಳಬೇಕು. ಕೇಳುವುದೇ ಇಲ್ಲಿ ಸ್ಟೆತಾಸ್ಕೋಪ್. ಕೇಳುವ ಭಾಷೆ ತಪ್ಪಾದರೆ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಳ್ಳದೆ ಕತ್ತಿಗೆ ಸುತ್ತಿಕೊಂಡ ಹಾಗೆ.

ಈಗ ಬನ್ನಿ ಬೆಂಗಳೂರಿಗೆ. 2022ರಲ್ಲಿ ಯಾರೋ ಹೇಳಿದರೆಂದು ಮಗನನ್ನು ಅಲ್ಲಿನ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಹೆಸರು ಬೇಡ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆ ತುಂಬ ಇಂಗ್ಲಿಷ್ ಚಿತ್ರಗಳು. ಕೈಗೆ ಒಂದು ಕಟ್ಟು ಫಾರಂ ಕೊಟ್ಟರು. ಪೂರ್ತಿ ಇಂಗ್ಲಿಷ್. ನನ್ನ ಹೆಂಡತಿ ಏಳನೇ ಕ್ಲಾಸು. ಆ ಹುಡುಗನ ಒಂದೊಂದು ಉಸಿರನ್ನೂ ಬಲ್ಲವಳು ಅವಳು. ಅವಳು ಬೆಂಚಿನ ಮೇಲೆ ಸುಮ್ಮನೆ ಕೂತಳು. ದಿನಕ್ಕೆ ಹದಿನಾಲ್ಕು ಗಂಟೆ ಮಷಿನ್ ಮುಂದೆ ಕಳೆಯುವ ನಾನು ಪೆನ್ನು ಹಿಡಿದೆ! ‘ಫ್ರೀಕ್ವೆಂಟ್ಲಿ’, ‘ಅಕೇಷನಲಿ’, ‘ಸೆಲ್ಡಮ್’ ಎಂದು ಐದು ಚೌಕ. ಪದೇಪದೇ, ಆಗಾಗ್ಗೆ, ಅಪರೂಪಕ್ಕೆ ಎಂದು ಕೊಟ್ಟಿದ್ದರೆ ಅವಳು ಕ್ಷಣದಲ್ಲಿ ಹೇಳುತ್ತಿದ್ದಳು. ‘ಸೆಲ್ಡಮ್’ಗೂ ‘ನೆವರ್’ಗೂ ನಡುವೆ ಎಷ್ಟು ದೂರ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ವ್ಯಾಕ್ಯೂಮ್ ಕ್ಲೀನರ್ ಶಬ್ದಕ್ಕೆ ಹೆದರುತ್ತಾನೆಯೇ ಎಂದು ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಇರುವುದು ತೆಂಗಿನ ಗರಿಯ ಪೊರಕೆ. ‘ನೆವರ್’ ಎಂದು ಹಾಕಿದೆ. ಸತ್ಯವನ್ನೇ ಹೇಳಿದೆ, ಮಗ ಶಬ್ದಕ್ಕೆ ಹೆದರುವುದಿಲ್ಲ ಎಂದು ಲೆಕ್ಕ ಬಿತ್ತು. ಕುಕ್ಕರ್ ಸೀಟಿ, ಮಿಕ್ಸಿ, ಪಟಾಕಿ, ವಾಲಗ, ತಮಟೆ, ಗಿರಣಿ ಇವು ಯಾವುವೂ ಆ ಫಾರಂನಲ್ಲಿ ಇರಲಿಲ್ಲ. ಹಾಲಿನಲ್ಲಿ ನೆನೆಸಿದ ಕಾರ್ನ್ ಫ್ಲೇಕ್ಸ್ ಇತ್ತು, ಸಾರನ್ನ ಇರಲಿಲ್ಲ. ಎಣ್ಣೆಸ್ನಾನ, ಸೀಗೆಪುಡಿ, ಅರಿಶಿನ, ಬರಿಗಾಲು, ಕೈಯಲ್ಲಿ ಕಲಸಿ ಉಣ್ಣುವುದು, ಒಂದೂ ಇಲ್ಲ.

ಆಮೇಲೆ ಮಗನನ್ನು ಒಳಗೆ ಕರೆದರು. ‘ಸಿಟ್ ಡೌನ್’, ‘ಲುಕ್ ಅಟ್ ಮಿ’, ‘ಗಿವ್ ಮಿ ದ ರೆಡ್ ಬಾಲ್’. ನಡುನಡುವೆ ಹಿಂದಿ. ಹುಡುಗ ಫ್ಯಾನ್ ನೋಡುತ್ತಾ ಕೂತ. ರಿಪೋರ್ಟಿನಲ್ಲಿ ಬಂತು: ಶಬ್ದಕ್ಕೆ ಪ್ರತಿಕ್ರಿಯೆ ಇಲ್ಲ, ಸೂಚನೆ ಪಾಲಿಸುವುದಿಲ್ಲ. ಅಯ್ಯಾ ಮಹನೀಯರೇ, ಅವನ ತಾಯಿ ಪಕ್ಕದ ಕೋಣೆಯಿಂದ ಪಿಸುಮಾತಿನಲ್ಲಿ ‘ಬೆಲ್ಲ ಬೇಕಾ ಮಗಾ’ ಎಂದಿದ್ದರೆ ನಿಮ್ಮ ಗಾಜಿನ ಬಾಗಿಲು ಒಡೆದುಕೊಂಡು ಬರುತ್ತಿದ್ದ! ನೀವು ಅಳೆದದ್ದು ಅವನ ಕಿವಿಯನ್ನಲ್ಲ, ಅವನಿಗೆ ಬಾರದ ಇಂಗ್ಲಿಷನ್ನು. ನನ್ನ ಫಾರಂನಲ್ಲಿ ನೀವು ಅಳೆದದ್ದು ಅವನ ಮೈಯನ್ನಲ್ಲ, ನನ್ನ ಪಿಯುಸಿ ಇಂಗ್ಲಿಷನ್ನು.

ಕೊನೆಗೆ ಒಂದು ಉಪದೇಶವನ್ನೂ ಕೊಟ್ಟು ಕಳಿಸಿದರು. ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ ಎಂದು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಹೆಂಡತಿ ಕೇಳಿದ್ದು ಒಂದೇ: ‘ರೀ, ಹಂಗಾದ್ರೆ ನಾನು ಅವನ ಜೊತೆ ಮಾತೇ ಆಡಬಾರದಾ?’

ಈ ಉಪದೇಶದಷ್ಟು ದೊಡ್ಡ ದ್ರೋಹ ಬೇರೆ ಇಲ್ಲ, ಮತ್ತು ಇದು ವಿಜ್ಞಾನವೂ ಅಲ್ಲ. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆಯ ಮಕ್ಕಳೊಂದಿಗೆ ಹೋಲಿಸಿ 2010ರ ನಂತರ ಹಲವು ಅಧ್ಯಯನಗಳು ಬಂದಿವೆ. ಎರಡು ಭಾಷೆ ಕೇಳಿದ ಕಾರಣಕ್ಕೆ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಅವುಗಳಲ್ಲಿ ಆಧಾರ ಸಿಕ್ಕಿಲ್ಲ. ಬದಲಿಗೆ ಬಾರದ ಭಾಷೆಯಲ್ಲಿ ತಡವರಿಸುವ ತಾಯಿ ಮಗುವಿನೊಂದಿಗೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಮಾತು ಬೇಕಾದ ಮಗುವಿನಿಂದ ಮಾತನ್ನೇ ಕಿತ್ತುಕೊಂಡ ಹಾಗಾಗುವುದಿಲ್ಲವೇ?

ಇನ್ನು ನ್ಯಾಯವಾಗಿ ಒಂದು ಮಾತು ಹೇಳಬೇಕು. ಆರು ತಿಂಗಳ ನಂತರ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು, ಆಕ್ಯುಪೇಷನಲ್ ಥೆರಪಿಸ್ಟ್, ಮಗನನ್ನು ನೋಡಿದಳು. ನೆಲದ ಮೇಲೆ ಚಾಪೆ ಹಾಸಿ ಕೂತಳು. ನನ್ನನ್ನು ಹೊರಗೆ ಕಳಿಸಿ, ‘ಅಣ್ಣ, ನೀವು ಟೀ ಕುಡ್ಕೊಂಡು ಬನ್ನಿ, ಅಕ್ಕನ ಹತ್ರ ಮಾತಾಡ್ತೀನಿ’ ಎಂದಳು. ಎರಡು ಗಂಟೆ ನನ್ನ ಹೆಂಡತಿ ಬಾಯಿ ಮುಚ್ಚಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಒಂದೊಂದನ್ನೇ ಕೇಳಿದಳಂತೆ. ಹಲ್ಲುಜ್ಜುವಾಗ ಹೇಗೆ? ನೀರು ಬಿಸಿಯೇ ಉಗುರು ಬೆಚ್ಚಗೆಯೇ? ಹೊಸ ಬಟ್ಟೆ ಒಗೆಯದೆ ಹಾಕಿದರೆ? ಮರಳಿನಲ್ಲಿ ಆಡುತ್ತಾನಾ, ಕೆಸರಿನಲ್ಲಿ? ಸವರಿದರೆ ಏನು, ಒತ್ತಿದರೆ ಏನು? ಆ ಪ್ರಶ್ನೆ ಬಂದ ಕೂಡಲೇ ನನ್ನ ಹೆಂಡತಿ ಎಣ್ಣೆಸ್ನಾನದ ಕಥೆ ಹೇಳಿದ್ದಾಳೆ. ಹಗುರಾಗಿ ಮುಟ್ಟಿದರೆ ತಡೆಯದ ಮಗು ಗಟ್ಟಿ ಒತ್ತಡಕ್ಕೆ ಶಾಂತವಾಗುವುದು ಇಂಥ ಮಕ್ಕಳಲ್ಲಿ ಆಗಾಗ ಕಾಣುವ ಲಕ್ಷಣ, ಅದನ್ನೇ ಹಿಡಿದು ದಾರಿ ಹುಡುಕಬಹುದು ಎಂದು ಆ ಹೆಣ್ಣುಮಗಳು ನನಗೆ ವಿವರಿಸಿದಳು. ಕುಕ್ಕರ್ ಮತ್ತು ಆಫ್‌ಸೆಟ್ ಕಥೆಯನ್ನೂ ಬಿಡಿಸಿದಳು: ಮಷಿನ್ನಿನ ಶಬ್ದ ಜೋರಾದರೂ ಒಂದೇ ಲಯ, ಮುಂದಿನದು ಯಾವಾಗ ಎಂದು ಅವನಿಗೆ ಗೊತ್ತು; ಸೀಟಿ ಹೇಳದೆ ಕೇಳದೆ ಬರುತ್ತದೆ. ನಾನು ಐದು ವರ್ಷ ಜೊತೆಗಿದ್ದು ಕಾಣದ್ದನ್ನು ಅವಳು ಕನ್ನಡದಲ್ಲಿ ಎರಡು ಗಂಟೆಯಲ್ಲಿ ಕಂಡಳು.

ಅವಳು ಪವಾಡ ಮಾಡಲಿಲ್ಲ. ಮೊದಲು ಕಿವಿಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಳು. ಶಬ್ದಕ್ಕೆ ತಿರುಗದ ಮಗುವಿಗೆ ನಿಜವಾಗಿಯೂ ಕೇಳಿಸುತ್ತದೆಯೇ ಎಂದು ನೋಡದೆ ಬೇರೆ ಹಣೆಪಟ್ಟಿ ಹಚ್ಚುವುದು ಅಪರಾಧ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಸಂಸ್ಥೆಗಳು ನಮ್ಮ ನೆಲದಲ್ಲೇ ಇವೆ ಎಂಬುದನ್ನು ನಮ್ಮ ಹಳ್ಳಿಯ ತಾಯಂದಿರಿಗೆ ಯಾರು ಹೇಳಬೇಕು?

ಆಮೇಲೆ ಮಾಡಿದ್ದು ಸಣ್ಣ ಸಣ್ಣ ಬದಲಾವಣೆ. ಕುಕ್ಕರ್ ಇಡುವ ಮೊದಲು ಅವನಿಗೆ ಹೇಳುವುದು, ‘ಮಗಾ, ಮೂರು ಸೀಟಿ ಬರ್ತದೆ’ ಎಂದು, ಅವನೇ ಎಣಿಸುತ್ತಾನೆ. ಯೂನಿಫಾರಂ ಒಳಗೆ ಹಳೆಯ ಮೆತ್ತನೆ ಬನಿಯನ್. ಶಾಲೆಯಲ್ಲಿ ಗಂಟೆ ಇರುವ ಕಂಬದಿಂದ ದೂರದ ಬೆಂಚು. ಭಾರ ಹೊರುವ ಕೆಲಸ ಕೊಡಿ, ಕೀಲು ಸ್ನಾಯುಗಳಿಗೆ ಹಿತವಾಗುತ್ತದೆ ಎಂದಳು. ನನ್ನ ಪ್ರೆಸ್ಸಿನಲ್ಲಿ ಭಾರಕ್ಕೇನು ಬರವೇ! ಸಂಜೆ ಶಾಲೆಯಿಂದ ಬಂದು ಎ4 ರೀಮುಗಳನ್ನು ಒಂದೊಂದಾಗಿ ಎದೆಗೆ ಅಪ್ಪಿಕೊಂಡು ರ‍್ಯಾಕಿನಿಂದ ಕಟಿಂಗ್ ಮೇಜಿಗೆ ತಂದಿಡುತ್ತಾನೆ. ಒಂದೊಂದೂ ಎರಡೂಕಾಲು ಕೆಜಿಗೂ ಮೇಲೆ. ಕಟಿಂಗ್ ಮಷಿನ್ ಹತ್ತಿರ ಮಾತ್ರ ಬಿಡುವುದಿಲ್ಲ. ಕ್ಷೌರ ಈಗಲೂ ಯುದ್ಧವೇ. ಸಾರನ್ನ ಇವತ್ತಿಗೂ ತಿನ್ನುವುದಿಲ್ಲ, ಬೇಡ ಬಿಡಿ, ಮುದ್ದೆ ತಿನ್ನುತ್ತಾನಲ್ಲ.

ಇಲ್ಲಿ ತಂದೆತಾಯಂದಿರಿಗೆ ಒಂದು ಎಚ್ಚರಿಕೆ. ‘ಸೆನ್ಸರಿ’ ಎಂಬ ಪದ ಈಗ ವ್ಯಾಪಾರವಾಗಿದೆ. ಬಣ್ಣದ ಚೆಂಡು, ತೂಗುವ ಬಟ್ಟೆ, ಮಿಣುಕುವ ದೀಪ ಇಟ್ಟು ತಿಂಗಳಿಗೆ ಸಾವಿರಾರು ರೂಪಾಯಿ ಸುಲಿಯುವವರು ಬಂದಿದ್ದಾರೆ. ಕಾಲುಚೀಲ ಬೇಡ ಎನ್ನುವ ಮಕ್ಕಳಿಗೆಲ್ಲ ರೋಗವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ತನ್ನ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಇಂದ್ರಿಯಗಳ ಅತಿ ಅಥವಾ ಕಡಿಮೆ ಪ್ರತಿಕ್ರಿಯೆಯನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಆದರೆ ಇದನ್ನೇ ಒಂದು ಪ್ರತ್ಯೇಕ ಕಾಯಿಲೆ ಎಂದು ಒಪ್ಪಿಕೊಂಡಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿತು: ಈ ಹೆಸರಿನ ಹಣೆಪಟ್ಟಿಯನ್ನು ಸುಮ್ಮನೆ ಹಚ್ಚಬೇಡಿ; ಆಟಿಸಂ, ಚಂಚಲತೆಯ ತೊಂದರೆ, ಆತಂಕ, ಬೆಳವಣಿಗೆಯ ತೊಡಕು ಇವೆಯೇ ನೋಡಿ; ಥೆರಪಿಗೆ ಪುರಾವೆ ಇನ್ನೂ ಸೀಮಿತ ಎಂದು ಪೋಷಕರಿಗೆ ತಿಳಿಸಿ ಎಂದು. ಆದ್ದರಿಂದ ಯಾರಾದರೂ ಹತ್ತೇ ನಿಮಿಷದಲ್ಲಿ ಹೆಸರು ಕೊಟ್ಟು, ಆರು ತಿಂಗಳ ಪ್ಯಾಕೇಜ್ ಕಟ್ಟಿ ಎಂದರೆ ಎದ್ದು ಬನ್ನಿ. ಹಾಗೆಂದು ಏನೂ ಇಲ್ಲ ಎಂದು ಬೆತ್ತ ಹಿಡಿಯಲೂಬೇಡಿ. ಮಗುವಿನ ದಿನಚರಿಗೆ ತೊಂದರೆ ಆಗುತ್ತಿದೆಯೇ, ಊಟ, ನಿದ್ದೆ, ಸ್ನಾನ, ಶಾಲೆ ನಡೆಯದಂತಾಗಿದೆಯೇ ಎಂಬುದೇ ಪ್ರಶ್ನೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

‘ಫಾರಂ ತಾನೇ, ಟ್ರಾನ್ಸ್‌ಲೇಟ್ ಮಾಡಿಸಿದರಾಯಿತು’ ಎನ್ನುವ ಜಾಣರಿದ್ದಾರೆ. ಆಗುವುದಿಲ್ಲ ಸ್ವಾಮಿ! ಅಚ್ಚಿನ ಕೆಲಸದವನಾಗಿ ಹೇಳುತ್ತೇನೆ. ಕನ್ನಡ ಓದಲು ಬಾರದವನ ಕೈಗೆ ಕನ್ನಡ ಪ್ರೂಫ್ ಕೊಟ್ಟರೆ ಅಕ್ಷರವೆಲ್ಲ ಸರಿಯಿದೆ ಎಂದೇ ಹೇಳುತ್ತಾನೆ. ವ್ಯಾಕ್ಯೂಮ್ ಕ್ಲೀನರನ್ನು ‘ನಿರ್ವಾತ ಶುಚಿಕಾರಕ’ ಎಂದು ಬರೆದರೆ ಅದು ಕನ್ನಡವಾಗುತ್ತದೆಯೇ? ಪ್ರಶ್ನೆಗಳು ನಮ್ಮ ಅಡುಗೆಮನೆಯಿಂದ, ಬಚ್ಚಲಿನಿಂದ, ಜಾತ್ರೆಯಿಂದ ಎದ್ದು ಬರಬೇಕು. ಇನ್ನೊಂದು ದೊಡ್ಡ ಸಂಗತಿ ಅಂಕದ್ದು. ಹೆಸರಾಂತ ‘ಸೆನ್ಸರಿ ಪ್ರೊಫೈಲ್’ ಎಂಬ ಪ್ರಶ್ನಾವಳಿ 1999ರಲ್ಲಿ ಬಂತು. ಯಾವುದು ಸಾಮಾನ್ಯ, ಯಾವುದು ಅತಿ ಎಂಬ ಗೆರೆಯನ್ನು ಎಳೆದದ್ದು ಅಮೆರಿಕದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ. ಅಲ್ಲಿನ ಮಗು ಚಮಚದಲ್ಲಿ ತಿನ್ನುತ್ತದೆ, ಬೂಟಿನಲ್ಲಿ ನಡೆಯುತ್ತದೆ, ಬೇರೆ ಕೋಣೆಯಲ್ಲಿ ಮಲಗುತ್ತದೆ. ನಮ್ಮ ಮಗು ಕೈಯಲ್ಲಿ ಕಲಸಿ ತಿನ್ನುತ್ತದೆ, ಬರಿಗಾಲಲ್ಲಿ ಅಂಗಳ ಸುತ್ತುತ್ತದೆ, ಅವ್ವನ ಸೆರಗು ಹಿಡಿದು ಮಲಗುತ್ತದೆ. ಅಲ್ಲಿನ ಗೆರೆ ನಮ್ಮ ಮಕ್ಕಳಿಗೂ ಸರಿಯೇ ಎಂದು ತಿಪಟೂರಿನ, ರಾಯಚೂರಿನ, ಕುಂದಾಪುರದ ನೂರಾರು ಮಕ್ಕಳನ್ನು ನೋಡಿಯೇ ಹೇಳಬೇಕು. ಬೇಕಾದದ್ದು ಅನುವಾದವಲ್ಲ. ಹೊಸದಾಗಿ ಕಟ್ಟಿ, ಊರೂರಿನ ತಾಯಂದಿರ ಮುಂದಿಟ್ಟು, ಅರ್ಥವಾಗದ ಪ್ರಶ್ನೆ ಕಿತ್ತುಹಾಕಿ, ಮತ್ತೆ ಕೇಳಿ, ಅಂಕ ಕೂಡಿಸುವ ಕೆಲಸ. ವರ್ಷಗಟ್ಟಲೆಯ ಕೆಲಸ. ಆದರೆ ಯಾರಾದರೂ ಶುರು ಮಾಡಬೇಕಲ್ಲ?

ಭಾರತದಲ್ಲೇ ಕಟ್ಟಿದ ಅಳತೆಗೋಲು ಇಲ್ಲವೇ? ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ತಯಾರಿಸಿದ ಆಟಿಸಂ ಮಾಪನ ‘ಐಎಸ್ಎಎ’. 40 ಅಂಶ, ಆರು ಭಾಗ, ಅದರಲ್ಲಿ ಇಂದ್ರಿಯಗಳದ್ದೇ ಒಂದು ಭಾಗ. ಪ್ರತಿ ಅಂಶಕ್ಕೂ 1ರಿಂದ 5 ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಕೇಂದ್ರ ಸರ್ಕಾರ 2016ರಲ್ಲಿ ಇದನ್ನು ಪ್ರಮಾಣಪತ್ರದ ಮೌಲ್ಯಮಾಪನಕ್ಕೆ ಒಪ್ಪಿತು. ಅದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಆಟಿಸಂ ಸೇರಿತು. ಸರಿ. ಆದರೆ ಈ ಅಂಕ ಬೀಳುವುದೂ ಕೇಳುವುದರಿಂದಲೇ, ನೋಡುವುದರಿಂದಲೇ. ಕೇಳುವ ಅಧಿಕಾರಿಗೆ ಕನ್ನಡ ಬಾರದಿದ್ದರೆ 69 ಯಾವುದು, 71 ಯಾವುದು? ಒಂದೆರಡು ಅಂಕದ ಆಚೀಚೆ ಒಂದು ಮಗುವಿನ ಪ್ರಮಾಣಪತ್ರ, ಮಾಸಾಶನ, ಪರೀಕ್ಷೆಯ ರಿಯಾಯಿತಿ ನಿಂತಿದೆ.

2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗಬೇಕು. ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿದೆ. ತಂಡದವರು ಅಂಗನವಾಡಿಗೆ, ಶಾಲೆಗೆ ಬರುತ್ತಾರೆ. ಅಂಗನವಾಡಿಯ ಅಕ್ಕನಿಗಿಂತ ಚೆನ್ನಾಗಿ ಊರಿನ ಮಕ್ಕಳನ್ನು ಬಲ್ಲವರು ಯಾರಿದ್ದಾರೆ? ಯಾವ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಯಾವುದು ಮೂಲೆ ಹಿಡಿದು ಕೂರುತ್ತದೆ, ಯಾವುದು ಬಿದ್ದರೂ ಅಳುವುದಿಲ್ಲ ಎಂದು ಅವಳಿಗೆ ಗೊತ್ತು. ಅವಳ ಕೈಗೆ ಒಂದು ಹಾಳೆಯ ಕನ್ನಡ ಪ್ರಶ್ನಾವಳಿ, ಎರಡು ದಿನದ ತರಬೇತಿ, ಮುಂದೆ ಕಳಿಸಲು ಜಿಲ್ಲೆಯಲ್ಲಿ ಕನ್ನಡ ಬಲ್ಲ ಒಬ್ಬ ಥೆರಪಿಸ್ಟ್. ಕೇಳುತ್ತಿರುವುದು ಇಷ್ಟೇ. ಜಿಲ್ಲಾ ಮಧ್ಯಸ್ಥಿಕೆ ಕೇಂದ್ರಗಳಿಗೆ ಆಕ್ಯುಪೇಷನಲ್ ಥೆರಪಿಸ್ಟ್ ನೇಮಿಸುವಾಗ ಕನ್ನಡದಲ್ಲಿ ತಾಯಿಯೊಂದಿಗೆ ಮಾತಾಡಬಲ್ಲರೇ ಎಂಬುದನ್ನು ಸಂದರ್ಶನದಲ್ಲೇ ನೋಡಲಿ. ಖಾಸಗಿ ಕೇಂದ್ರಗಳಿಗೆ ಅನುಮತಿ ಕೊಡುವಾಗಲೂ ಕನ್ನಡ ಫಾರಂ ಕಡ್ಡಾಯ ಮಾಡಲಿ.

2024ರಲ್ಲಿ ನಮ್ಮ ಶಾಸನಸಭೆ ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು ಕಾಯ್ದೆ ತಿದ್ದಿತು. ನಾವೇ ಬೀದಿಗಿಳಿದು ತಂದ ಗೆಲುವು, ಒಪ್ಪುತ್ತೇನೆ. ಆ ವರ್ಷ ನನ್ನ ಪ್ರೆಸ್ಸಿಗೂ ನಾಲ್ಕು ಕಾಸಿನ ಕೆಲಸ ಬಂತು. ಆದರೆ ಬೋರ್ಡಿನ ಮೇಲೆ ಶೇ 60 ಕನ್ನಡ ಬರೆದ ಅದೇ ಕಟ್ಟಡದ ಒಳಗೆ, ಮಗುವಿನ ಹಣೆಬರಹ ಬರೆಯುವ ಫಾರಂನಲ್ಲಿ ಕನ್ನಡ ಶೇ ಸೊನ್ನೆ! ಬೋರ್ಡಿಗೆ ಮಸಿ ಬಳಿಯುವ ಗಂಡಸುತನ ಸಾಕು, ಒಳಗೆ ಹೋಗಿ ಫಾರಂ ಕೇಳುವ ತಾಳ್ಮೆಯೂ ಬೇಕು.

ಮಸಿಯ ಮಾತು ಬಂತು, ಇನ್ನೊಂದು ಮಾತು ನಮ್ಮವರಿಗೇ. ಕೋಪ ಬಂದರೂ ಬರಲಿ. ನವೆಂಬರ್ ಬಂತೆಂದರೆ ತಾಯಿ ಭುವನೇಶ್ವರಿಯ ಮೆರವಣಿಗೆಗೆ ನಾವು ಲಾರಿ ತುಂಬ ಡಿಜೆ ಕಟ್ಟುತ್ತೇವೆ. ಎದೆಗೂಡು ನಡುಗುವ ಹಾಗೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಾವು ಯಾವ ನವೆಂಬರಿನಲ್ಲಿ ಇದನ್ನು ಪಾಲಿಸಿದ್ದೇವೆ? ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಮೆರವಣಿಗೆ ನನ್ನ ಬೀದಿಗೇ ಬಂತು. ಕರಪತ್ರ ಅಚ್ಚು ಹಾಕಿದವನು ನಾನು, ಮುಂದೆ ಬಾವುಟ ಹಿಡಿದವನೂ ನಾನು. ನನ್ನ ಮಗ ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಅವನವ್ವನ ಮಡಿಲಲ್ಲಿ ನಡುಗುತ್ತಿದ್ದ. ಕನ್ನಡದ ಹಬ್ಬಕ್ಕೆ ಒಬ್ಬ ಕನ್ನಡದ ಮಗು ಹೆದರಿ ಅಡಗಿಕೊಂಡರೆ ಅದು ಯಾರ ಹಬ್ಬ? ಈ ವರ್ಷ ನಮ್ಮ ಬೀದಿಯಲ್ಲಿ ಡೊಳ್ಳು ಮಾತ್ರ, ಅದೂ ಎಷ್ಟು ಹೊತ್ತಿಗೆ ಬರುತ್ತದೆಂದು ಮುಂಚೆ ಹೇಳಿ ಬರಬೇಕು ಎಂದು ಸಂಘದಲ್ಲಿ ಜಗಳವಾಡಿ ಒಪ್ಪಿಸಿದ್ದೇನೆ. ಹೇಳಿ ಬಂದರೆ ಅವನು ತಡೆಯುತ್ತಾನೆ. ಸೀಟಿ ಎಣಿಸಿದ ಹಾಗೆ ಏಟು ಎಣಿಸುತ್ತಾನೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರಾಗಲಿ, ನಿಮ್ಹಾನ್ಸಿನವರಾಗಲಿ, ಆರೋಗ್ಯ ಇಲಾಖೆಯವರಾಗಲಿ, ಹಾಸನದ ಆ ಹೆಣ್ಣುಮಗಳಂಥ ಒಬ್ಬರೇ ಆಗಲಿ, ಕನ್ನಡ ಮನೆಯ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕೊಡಿ. ನಮ್ಮ ತಾಲ್ಲೂಕಿನ ಎಲ್ಲ ಅಂಗನವಾಡಿಗೂ ಆಗುವಷ್ಟು ಪ್ರತಿ ಅಚ್ಚು ಹಾಕಿಸಿ ಕೊಡುವುದು ನನ್ನ ಜವಾಬ್ದಾರಿ. ಕಾಗದ ನನ್ನದು, ಇಂಕು ನನ್ನದು, ಪ್ಲೇಟು ನನ್ನದು. ಪ್ರೂಫನ್ನು ಮಾತ್ರ ನಾನು ನೋಡುವುದಿಲ್ಲ. ಅದನ್ನು ನನ್ನ ಹೆಂಡತಿಯೇ ನೋಡಬೇಕು.